ಹದಿನಾಲ್ಕು ಕಡೆ ಅಂಟಿಸಿದ ಒಂದೇ ಸರ್ಚ್: ಮ್ಯಾಕ್ರೋ ಮಾಡಿದ ಮೇಲೂ ತಲೆನೋವೇಕೆ?

ಪ್ರಶ್ನೆ: ಮಡಿಕೇರಿಯ ಒಂದು ಸಣ್ಣ ಇಂಟರ್‌ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ರೂಟರ್, ಸ್ವಿಚ್‌ಗಳ ಲಾಗ್ (ಅವು ತಾವಾಗಿ ಬರೆದು ಕಳಿಸುವ ಘಟನೆಗಳ ದಾಖಲೆ) ಎಲ್ಲ ಸ್ಪ್ಲಂಕ್ ಎಂಬ ಲಾಗ್ ಹುಡುಕುವ ತಂತ್ರಾಂಶಕ್ಕೆ ಬರುತ್ತದೆ. ಮಳೆಗಾಲ ಹಿಡಿದರೆ ಸಿಲ್ವರ್ ಓಕ್ ಕೊಂಬೆ ಬಿದ್ದು ದಿನಕ್ಕೊಂದು ಕಡೆ ಕೇಬಲ್ ಹೋಗುತ್ತದೆ. ಎಲ್ಲಿ ಹೋಗಿದೆ ಎಂದು ಹುಡುಕುವ ಎಂಟು ಸಾಲಿನ ಸರ್ಚ್ ಒಂದನ್ನು ಡ್ಯಾಶ್‌ಬೋರ್ಡು, ಅಲರ್ಟು, ರಿಪೋರ್ಟು ಎಂದು ಹದಿನಾಲ್ಕು ಕಡೆ ಅಂಟಿಸಿಟ್ಟಿದ್ದೆ. ಜೂನ್‌ನಲ್ಲಿ ಲಾಗ್ ಕೂಡಿಡುವ ಕಣಜದ, ಅಂದರೆ ಇಂಡೆಕ್ಸ್‌ನ ಹೆಸರು ಬದಲಾಯಿತು. ಹದಿಮೂರು ಕಡೆ ತಿದ್ದಿ ಒಂದನ್ನು ಮರೆತೆ. ಅದು ಭಾಗಮಂಡಲದ ಅಲರ್ಟ್. ರಾತ್ರಿಯಿಡೀ ಲೈನ್ ಇಲ್ಲದಿದ್ದರೂ ನಮಗೆ ಗೊತ್ತಾಗಿದ್ದು ಬೆಳಗ್ಗೆ ಗಿರಾಕಿಗಳು ಬೈದಾಗ. ಆಮೇಲೆ ಆ ಸರ್ಚ್‌ಗೆ ಒಂದು ಹೆಸರಿಟ್ಟು, ಹೆಸರಿನಿಂದಲೇ ಕರೆಯುವಂತೆ ಮ್ಯಾಕ್ರೋ ಮಾಡಿದೆ. ನನ್ನ ಲಾಗಿನ್‌ನಲ್ಲಿ ಓಡುತ್ತದೆ, ರಾತ್ರಿ ಪಾಳಿಯ ಹುಡುಗನಿಗೆ ‘ಮ್ಯಾಕ್ರೋ ಸಿಗಲಿಲ್ಲ’ ಎನ್ನುತ್ತದೆ. ಇನ್ನೊಂದು ತಕರಾರು: ರಿಪೇರಿಯಲ್ಲಿರುವ ರೂಟರ್‌ಗಳ ಪಟ್ಟಿಯನ್ನೂ ಮ್ಯಾಕ್ರೋ ಮಾಡಿ, ಅದರ ಮುಂದೆ ‘ಇವು ಬೇಡ’ ಎನ್ನುವ ‘ನಾಟ್’ ಹಾಕಿದೆ. ಆದರೂ ಅವು ಪಟ್ಟಿಗೆ ಬರುತ್ತಲೇ ಇವೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಮೊದಲು ಸುಲಭದ್ದನ್ನು ಮುಗಿಸೋಣ. ಹೊಸ ಮ್ಯಾಕ್ರೋ ಹುಟ್ಟುವಾಗ ಅದು ಮಾಡಿದವರ ಖಾಸಗಿ ಸೊತ್ತು. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಸರ್ಚ್, ಅದರೊಳಗೆ ಸರ್ಚ್ ಮ್ಯಾಕ್ರೋಸ್‌ಗೆ ಹೋಗಿ, ನಿಮ್ಮ ಮ್ಯಾಕ್ರೋ ಎದುರಿನ ಪರ್ಮಿಷನ್ಸ್ ಒತ್ತಿ, ಆ ಆ್ಯಪ್ ಬಳಸುವ ಎಲ್ಲರಿಗೂ ಓದಲು ಬಿಡಿ. ತಿದ್ದುವ ಹಕ್ಕು ಮಾತ್ರ ಇಬ್ಬರಿಗೆ ಸಾಕು. ಹುಡುಗ ಬೇರೆ ಆ್ಯಪ್‌ನಲ್ಲಿ ಕೂತು ಹುಡುಕುತ್ತಿದ್ದರೆ ಗ್ಲೋಬಲ್ (ಎಲ್ಲ ಆ್ಯಪ್‌ಗಳಲ್ಲೂ ಸಿಗುವಂತೆ) ಮಾಡಬೇಕಾಗುತ್ತದೆ. ಅಂದಹಾಗೆ, ಆರ್ಗ್ಯುಮೆಂಟ್‌ಗಳ, ಅಂದರೆ ಮ್ಯಾಕ್ರೋ ಕರೆಯುವಾಗ ಕೊಡುವ ಬೆಲೆಗಳ ಎಣಿಕೆ ತಪ್ಪಿದರೂ ಇದೇ ‘ಸಿಗಲಿಲ್ಲ’ ಸಂದೇಶ ಬರುತ್ತದೆ. ಒಂದು ಆರ್ಗ್ಯುಮೆಂಟಿನ ಮ್ಯಾಕ್ರೋ, ಎರಡು ಆರ್ಗ್ಯುಮೆಂಟಿನ ಮ್ಯಾಕ್ರೋ ಒಂದೇ ಹೆಸರಿನವಾದರೂ ಸ್ಪ್ಲಂಕ್‌ಗೆ ಅವು ಬೇರೆ ಬೇರೆ. ಅದು ತಿಳಿಯದೆ ಅರ್ಧ ದಿನ ಪರ್ಮಿಷನ್ ತಡಕಾಡಿದವರಲ್ಲಿ ನಾನೂ ಒಬ್ಬ.

ಎರಡನೆಯ ತಕರಾರು ಹೆಚ್ಚು ಸ್ವಾರಸ್ಯದ್ದು. ಮ್ಯಾಕ್ರೋ ಎಂದರೆ ಲೆಕ್ಕ ಮಾಡಿ ಉತ್ತರ ತಂದುಕೊಡುವ ಯಂತ್ರ ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲ. ಅದು ಬರೀ ಅಂಟಿಸುವಿಕೆ. ನೀವು ಕೈಯಲ್ಲಿ ಹದಿನಾಲ್ಕು ಕಡೆ ಅಂಟಿಸುತ್ತಿದ್ದಿರಿ, ಈಗ ಸರ್ಚ್ ಓಡುವ ಮೊದಲು ಸ್ಪ್ಲಂಕ್ ಅಂಟಿಸುತ್ತದೆ, ಅಷ್ಟೇ. ನಿಮ್ಮ ರಿಪೇರಿ ಮ್ಯಾಕ್ರೋದಲ್ಲಿ ‘ಹೋಸ್ಟ್ ಸಿದ್ದಾಪುರ ಆರ್ ಹೋಸ್ಟ್ ಮಾದಾಪುರ’ ಎಂದಿದೆ ಎನ್ನಿ (ಹೋಸ್ಟ್ ಎಂದರೆ ಲಾಗ್ ಕಳಿಸಿದ ಪೆಟ್ಟಿಗೆಯ ಹೆಸರು, ಆರ್ ಎಂದರೆ ‘ಅಥವಾ’). ಮುಂದೆ ನಾಟ್ ಹಾಕಿದಾಗ ಅದು ‘ನಾಟ್ ಸಿದ್ದಾಪುರ ಆರ್ ಮಾದಾಪುರ’ ಆಗುತ್ತದೆ. ನಾಟ್ ಎಂಬುದು ತನ್ನ ಪಕ್ಕದ ಒಂದನ್ನು ಮಾತ್ರ ಹಿಡಿಯುತ್ತದೆ. ಸಿದ್ದಾಪುರ ಅಲ್ಲದ್ದೆಲ್ಲ ಬರಲಿ, ಮಾದಾಪುರವೂ ಬರಲಿ ಎಂದು ಅರ್ಥವಾಗುತ್ತದೆ. ಸಿದ್ದಾಪುರ ಮಾತ್ರ ಹೋಯಿತು, ಉಳಿದವು ಬಂದವು. ಮ್ಯಾಕ್ರೋದ ಒಳಗೇ ಇಡೀ ಸಾಲಿಗೆ ಆವರಣ ಚಿಹ್ನೆ ಹಾಕಿಬಿಡಿ, ಸರಿಹೋಗುತ್ತದೆ. ಒಳಗೆ ‘ಆರ್’ ಇದ್ದರೆ ಕಣ್ಣು ಮುಚ್ಚಿ ಆವರಣ ಹಾಕುವುದು ನನ್ನ ಪದ್ಧತಿ.

ಅನುಮಾನ ಬಂದರೆ ಸರ್ಚ್ ಪೆಟ್ಟಿಗೆಯಲ್ಲಿ ಕಂಟ್ರೋಲ್, ಶಿಫ್ಟ್, ಇ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಾದರೆ ಕಂಟ್ರೋಲ್ ಬದಲು ಕಮಾಂಡ್. ಮ್ಯಾಕ್ರೋ ಬಿಡಿಸಿಕೊಂಡು, ನಿಜವಾಗಿ ಓಡುವ ಪೂರ್ತಿ ಸರ್ಚ್ ಕಣ್ಣೆದುರಿಗೆ ಬರುತ್ತದೆ. ನೀವು ಇದನ್ನು ಮೊದಲೇ ಒತ್ತಿದ್ದರೆ ಈ ಪತ್ರ ಬರೆಯುವ ಕೆಲಸವೇ ಇರುತ್ತಿರಲಿಲ್ಲ!

ಈಗ ನಿಮ್ಮ ಎಂಟು ಸಾಲಿಗೆ ಬರೋಣ. ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಇಡಿ, ನಡುವೆ ಜಾಗ ಬಿಡಬೇಡಿ, ಅಡಿಗೆರೆ ಹಾಕಿ.

ಒಂದೇ ದೊಡ್ಡ ಮ್ಯಾಕ್ರೋ ಬೇಡ, ಎರಡು ಮಾಡಿ. ಮೊದಲನೆಯದು ‘ಜಾಲ_ಮೂಲ’. ಅದರಲ್ಲಿ ಇಂಡೆಕ್ಸ್ ಮತ್ತು ಸೋರ್ಸ್‌ಟೈಪ್ (ಲಾಗ್‌ನ ಬಗೆ) ಬಿಟ್ಟು ಬೇರೇನೂ ಇರಬಾರದು. ಮುಂದಿನ ಜೂನ್‌ನಲ್ಲಿ ಇಂಡೆಕ್ಸ್ ಮತ್ತೆ ಬದಲಾದರೆ ತಿದ್ದುವುದು ಈ ಒಂದು ಸಾಲು. ಎರಡನೆಯದಕ್ಕೆ ‘ಲೈನ್_ಹೋಯ್ತು(2)’ ಎಂದು ಹೆಸರಿಡಿ. ಆವರಣದೊಳಗಿನ 2 ಹೆಸರಿನ ಭಾಗ. ಎರಡು ಆರ್ಗ್ಯುಮೆಂಟ್ ಬರುತ್ತವೆ ಎಂದು ಸಾರುತ್ತದೆ. ಆರ್ಗ್ಯುಮೆಂಟ್ ಖಾನೆಯಲ್ಲಿ ಅಲ್ಪವಿರಾಮ ಕೊಟ್ಟು ಊರು, ಮಿತಿ ಎಂದು ಬರೆಯಿರಿ. ಡೆಫಿನಿಷನ್‌ನಲ್ಲಿ ಮೊದಲು ಜಾಲ_ಮೂಲವನ್ನು ಕರೆದು (ಮ್ಯಾಕ್ರೋದೊಳಗೆ ಮ್ಯಾಕ್ರೋ ಧಾರಾಳವಾಗಿ ನಡೆಯುತ್ತದೆ), ಹೋಸ್ಟ್‌ನ ಬೆಲೆಯಾಗಿ "$ಊರು$*" ಇಡಿ. ಆಮೇಲೆ ಲೈನ್ ಹೋದದ್ದನ್ನು ಹಿಡಿಯುವ ಷರತ್ತು, ಕೊನೆಗೆ ಹೋಸ್ಟ್ ಮತ್ತು ಇಂಟರ್‌ಫೇಸ್ (ಕೇಬಲ್ ಸಿಕ್ಕಿಸುವ ಪೋರ್ಟ್) ಪ್ರಕಾರ ಎಣಿಸಿ, ಎಣಿಕೆ $ಮಿತಿ$ಗಿಂತ ಕಡಿಮೆ ಇದ್ದವನ್ನು ಬಿಟ್ಟುಬಿಡುವ ಸಾಲು. ಡಾಲರ್ ಚಿಹ್ನೆಗಳ ನಡುವಿನದ್ದು ನೀವು ಕೊಟ್ಟ ಬೆಲೆಗೆ ಜಾಗ ಬಿಟ್ಟುಕೊಡುತ್ತದೆ. ಉದ್ಧರಣ ಚಿಹ್ನೆಯನ್ನು ಡೆಫಿನಿಷನ್ ಒಳಗೇ ಹಾಕಿಡುವುದು ಲೇಸು. ಎರಡು ಪದದ ಹೆಸರು ಬಂದಾಗ ಸರ್ಚ್ ಒಡೆದುಹೋಗುವುದಿಲ್ಲ.

ಷರತ್ತಿನ ಬಗ್ಗೆ ಒಂದು ಮಾತು. ನಿಮ್ಮದು ಸಿಸ್ಕೋ ಪೆಟ್ಟಿಗೆಗಳಾದರೆ ಒಂದು ಕೇಬಲ್ ಕಡಿದಾಗ ಸಾಮಾನ್ಯವಾಗಿ ಎರಡು ಸಾಲು ಬರುತ್ತವೆ: ಲಿಂಕ್-3-ಅಪ್‌ಡೌನ್ ಒಂದು, ಲೈನ್‌ಪ್ರೋಟೋ-5-ಅಪ್‌ಡೌನ್ ಇನ್ನೊಂದು. ಎರಡನ್ನೂ ಎಣಿಸಿದರೆ ಮೂರು ಸಲ ಹೋದದ್ದು ಆರು ಸಲ ಎಂದು ಕಾಣುತ್ತದೆ. ಸಾಲದ್ದಕ್ಕೆ ಲೈನ್ ವಾಪಸ್ ಬಂದಾಗಲೂ ಅದೇ ಅಪ್‌ಡೌನ್ ಹೆಸರಿನ ಸಾಲೇ ಬರುವುದು. ಆದ್ದರಿಂದ ಲಿಂಕ್-3 ಸಾಲನ್ನು ಮಾತ್ರ ಹಿಡಿದು, ಸಾಲಿನ ಕೊನೆಯಲ್ಲಿ ‘ಡೌನ್’ ಸ್ಥಿತಿಗೆ ಹೋಯಿತು ಎಂದಿರುವುದನ್ನೇ ಎಣಿಸಿ. ಇಂಥ ಸೂಕ್ಷ್ಮವನ್ನು ಒಂದು ಸಲ ತಲೆ ಕೆಡಿಸಿಕೊಂಡು ಸರಿಮಾಡಿ ಇಟ್ಟರೆ, ಆಮೇಲೆ ಪಾಳಿಗೆ ಬರುವ ಹೊಸಬರು ಅದನ್ನು ಕಲಿಯಬೇಕಿಲ್ಲ. ಮ್ಯಾಕ್ರೋದ ನಿಜವಾದ ಲಾಭ ನನ್ನ ಕಣ್ಣಿಗೆ ಇದೇ, ಟೈಪಿಂಗ್ ಉಳಿಯುವುದಲ್ಲ.

ಮಿತಿಯ ಜಾಗದಲ್ಲಿ ಯಾರಾದರೂ ಊರಿನ ಹೆಸರು ಕೊಟ್ಟುಬಿಡಬಹುದು. ವ್ಯಾಲಿಡೇಷನ್ ಖಾನೆಯಲ್ಲಿ ಈಸ್‌ನಮ್($ಮಿತಿ$) ಎಂದು ಹಾಕಿ, ಕೆಳಗಿನ ಖಾನೆಯಲ್ಲಿ ‘ಮಿತಿ ಅಂಕಿಯಾಗಿರಬೇಕು’ ಎಂಬ ಸಂದೇಶ ಬರೆದಿಡಿ.

ಕರೆಯುವಾಗ ಬಳಸುವುದು ಮಾಮೂಲಿ ಒಂಟಿ ಉದ್ಧರಣ ಚಿಹ್ನೆಯಲ್ಲ, ಬ್ಯಾಕ್‌ಟಿಕ್. ಕೀಬೋರ್ಡಿನ ಎಡಮೂಲೆಯಲ್ಲಿ, 1ರ ಪಕ್ಕದಲ್ಲಿರುತ್ತದೆ. `ಲೈನ್_ಹೋಯ್ತು(ನಾಪೋಕ್ಲು, 3)` ಎಂದರೆ ನಾಪೋಕ್ಲಿನಲ್ಲಿ ಮೂರು ಅಥವಾ ಹೆಚ್ಚು ಸಲ ಬಿದ್ದೆದ್ದ ಲೈನುಗಳ ಪಟ್ಟಿ ಬರುತ್ತದೆ. ಕಕ್ಕಡ ತಿಂಗಳ ಮಳೆಗಾಳಿಗೆ ಲೈನ್ ಒಂದೆರಡು ಸಲ ಹೋಗಿ ಬರುವುದು ಇದ್ದದ್ದೇ. ಅದಕ್ಕೆಲ್ಲ ಹುಡುಗನನ್ನು ಎಬ್ಬಿಸಬೇಡಿ.

ಸಮಯವನ್ನು ಮಾತ್ರ ಮ್ಯಾಕ್ರೋ ಒಳಗೆ ಹಾಕಬೇಡಿ. ಒಳಗೆ ‘ಅರ್ಲಿಯೆಸ್ಟ್’ ಎಂದು ಒಂದು ಗಂಟೆ ಹಿಂದಿನ ಹೊತ್ತನ್ನು ಬರೆದರೆ ಅದು ಮೇಲಿನ ಟೈಮ್ ಪಿಕ್ಕರ್ ಅನ್ನು ಮೀರುತ್ತದೆ. ನೋಡುವವರು ‘ಕಳೆದ ವಾರ’ ಆರಿಸಿದರೂ ಬರುವುದು ಒಂದು ಗಂಟೆಯ ಲೆಕ್ಕ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಕೊಡಗಿನ ಹಂದಿಮಾಂಸದ ಪಂದಿಕರಿಗೆ ಕರಿ ಮಸಾಲೆಯನ್ನು ಹುರಿದು ಪುಡಿ ಮಾಡಿ ಭರಣಿಯಲ್ಲಿ ಇಟ್ಟುಕೊಳ್ಳುತ್ತೇವೆ, ಆದರೆ ಹುಳಿಗೆ ಹಾಕುವ ಕಾಚಂಪುಳಿಯನ್ನು ಅದಕ್ಕೇ ಬೆರೆಸಿ ಇಡುವವರಿಲ್ಲ. ಎಷ್ಟು ಹುಳಿ ಬೇಕೆಂಬುದು ಆ ದಿನದ ಒಲೆಯ ಮುಂದೆ ಗೊತ್ತಾಗುವ ವಿಷಯ. ಸಮಯವೂ ಹಾಗೆಯೇ.

ಪ್ರಶ್ನೆ: ಕುಶಾಲನಗರದಿಂದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಮ್ಯಾಕ್ರೋ, ಈವೆಂಟ್ ಟೈಪ್, ಲುಕಪ್ ಮೂರೂ ಮರುಬಳಕೆಗೇ ಎನ್ನುತ್ತಾರೆ. ಯಾವುದು ಯಾವಾಗ? ಮ್ಯಾಕ್ರೋದಿಂದ ಸರ್ಚ್ ವೇಗವಾಗುತ್ತದೆಯೇ?

ಉತ್ತರ: ವೇಗವಾಗುವುದಿಲ್ಲ. ಅಂಟಿಸಿದ ಪಠ್ಯವೇ ಓಡುವುದರಿಂದ ಮೊದಲಿದ್ದಷ್ಟೇ ಹೊತ್ತು ಹಿಡಿಯುತ್ತದೆ.

ಈವೆಂಟ್ ಟೈಪ್‌ನಲ್ಲಿ ಪೈಪ್ ಚಿಹ್ನೆಗೆ (ಸಿಕ್ಕಿದ್ದನ್ನು ಮುಂದಿನ ಆಜ್ಞೆಗೆ ದಾಟಿಸುವ ನಿಂತ ಗೆರೆ) ಅವಕಾಶವಿಲ್ಲ. ಘಟನೆಗಳ ಒಂದು ಗುಂಪಿಗೆ ಹೆಸರಿಡಲು ಅದು ಸಾಕು. ಎಣಿಸಬೇಕು, ಸೋಸಬೇಕು, ಆರ್ಗ್ಯುಮೆಂಟ್ ಬೇಕು ಎಂದರೆ ಮ್ಯಾಕ್ರೋ. ವಾರಕ್ಕೊಮ್ಮೆ ಬದಲಾಗುವ ಪಟ್ಟಿಯಾದರೆ, ಉದಾಹರಣೆಗೆ ಮೇಲಿನ ಓದುಗರ ರಿಪೇರಿ ರೂಟರ್‌ಗಳು, ನಾನಾದರೆ ಮ್ಯಾಕ್ರೋ ಮುಟ್ಟದೆ ಲುಕಪ್ ಕಡತದಲ್ಲಿ, ಅಂದರೆ ಸರ್ಚ್ ನೋಡಿಕೊಳ್ಳುವ ಕೋಷ್ಟಕದಲ್ಲಿ ಇಡುತ್ತೇನೆ. ಅಡ್ಮಿನ್ ಅಲ್ಲದವರೂ ಅದಕ್ಕೆ ಒಂದು ಸಾಲು ಸೇರಿಸುವಂತೆ ಮಾಡಬಹುದು. ಇನ್ನೊಂದು: ಲುಕಪ್ ಓದುವ ಆಜ್ಞೆಯಿಂದಲೇ ಮ್ಯಾಕ್ರೋ ಶುರುವಾಗುವುದಾದರೆ, ಮೊದಲ ಪೈಪ್ ಅನ್ನು ಡೆಫಿನಿಷನ್‌ನಲ್ಲಿ ಇಡಬೇಡಿ, ಕರೆಯುವ ಕಡೆ ಬ್ಯಾಕ್‌ಟಿಕ್‌ನ ಮುಂದೆ ಇಡಿ. ಮೈಕ್ರೋಸಾಫ್ಟ್ ಅಜೂರ್‌ನ ಲಾಗ್ ಅನಾಲಿಟಿಕ್ಸ್ ಬಳಸುವವರಿಗೆ ಇದೇ ಕೆಲಸಕ್ಕೆ ‘ಫಂಕ್ಷನ್’ ಎಂಬ ಸೌಲಭ್ಯವಿದೆ, ಅಲ್ಲೂ ಆರ್ಗ್ಯುಮೆಂಟ್ ಕೊಡಬಹುದು.

ಮಡಿಕೇರಿಯವರಿಗೆ ಹೇಳದೆ ಉಳಿದದ್ದು ಒಂದಿದೆ. ಹದಿನಾಲ್ಕು ನಕಲುಗಳಿದ್ದಾಗ ಒಂದು ಕೆಟ್ಟರೆ ಭಾಗಮಂಡಲ ಮಾತ್ರ ಮೌನವಾಯಿತು. ಈಗ ಜಾಲ_ಮೂಲ ಕೆಟ್ಟರೆ ಇಡೀ ಜಿಲ್ಲೆ ಮೌನ. ಇಲ್ಲದ ಇಂಡೆಕ್ಸ್‌ನಲ್ಲಿ ಹುಡುಕಿದರೆ ಸಿಗುವುದು ಸೊನ್ನೆ, ಅಲರ್ಟ್‌ಗೆ ಸೊನ್ನೆ ಎಂದರೆ ಎಲ್ಲ ಕ್ಷೇಮ. ಹಾಗಾಗಿ ಒಂದು ತಲೆಕೆಳಗಾದ ಅಲರ್ಟ್ ಇಡಿ: ಬರೀ ಜಾಲ_ಮೂಲವನ್ನು ಕರೆದು ಕಳೆದ 30 ನಿಮಿಷದ ಲಾಗ್ ಹುಡುಕಲಿ, ಫಲಿತಾಂಶ ಸೊನ್ನೆಯಾದರೆ ಮಾತ್ರ ಕೂಗಲಿ. ಅಷ್ಟು ರೂಟರ್‌ಗಳಲ್ಲಿ ಅರ್ಧ ಗಂಟೆ ಒಂದೂ ಸಾಲು ಬಾರದಿರುವುದು ಸಾಮಾನ್ಯವಾಗಿ ಆಗದ ಮಾತು. ಮ್ಯಾಕ್ರೋವನ್ನೇ ಅಳಿಸಿಬಿಟ್ಟರೆ ಅಥವಾ ಹೆಸರು ಬದಲಿಸಿದರೆ ಈ ಅಲರ್ಟ್ ಕೂಡ ದೋಷ ಬಂದು ನಿಂತುಹೋಗುತ್ತದೆ. ತಿದ್ದುವ ಹಕ್ಕು ಇಬ್ಬರಿಗೆ ಸಾಕು ಎಂದು ಮೊದಲೇ ಹೇಳಿದ್ದು ಅದಕ್ಕೇ.