ಓದುಗರ ಪ್ರಶ್ನೆ: ಗಡಿ ತಂಟೆ ಮುಗಿಯದೆಯೂ ಕೂಡಿ ಕೆಲಸ ಮಾಡಬಹುದೆ?

ಪ್ರಶ್ನೆ: ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷ ಬಡಿದಾಡಿಕೊಂಡವರು, ನೆಲ ಯಾರದೆಂದು ತೀರ್ಮಾನವಾಗದೆಯೇ ಗಡಿಯಾಚೆಯವರ ಜೊತೆ ಆಡಳಿತ ನಡೆಸುತ್ತಿದ್ದಾರಂತೆ. ಹೇಗೆ? (ಕೋಥರೂಡ್, ಪುಣೆ)

ಉತ್ತರ: ಅಲ್ಲಿ ಎರಡು ಬಣ: ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ, ಹೆಚ್ಚಾಗಿ ಪ್ರಾಟೆಸ್ಟೆಂಟರ ಬಣ; ದಕ್ಷಿಣದ ಐರ್ಲೆಂಡ್ ಗಣರಾಜ್ಯವನ್ನು ಸೇರಬೇಕೆನ್ನುವ, ಹೆಚ್ಚಾಗಿ ಕ್ಯಾಥೊಲಿಕರ ಬಣ. ನೆಲದ ಪ್ರಶ್ನೆಯನ್ನು ಅವರು ಬಿಡಿಸಲಿಲ್ಲ, ಬದಿಗಿಟ್ಟರು. ಅಲ್ಲಿನ ಬಹುಮತ ಬೇರೆ ಬಯಸುವ ತನಕ ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆಗೇ ಇರಲಿ ಎಂದು 1998ರ ಒಪ್ಪಂದದಲ್ಲಿ ಬರೆದುಕೊಂಡರು. ಮೇ 22ರಂದು ಗಡಿಯ ಎರಡೂ ಕಡೆ ಜನಮತ ನಡೆಯಿತು. ಉತ್ತರದಲ್ಲಿ ನೂರಕ್ಕೆ 71, ದಕ್ಷಿಣದಲ್ಲಿ 94 ಮಂದಿ ಹೂಂ ಅಂದರು.

ಆಮೇಲೆ ಹುಟ್ಟಿದ್ದು ಉತ್ತರ–ದಕ್ಷಿಣ ಮಂತ್ರಿಗಳ ಪರಿಷತ್ತು. 1999ರ ಡಿಸೆಂಬರ್ 13ರಂದು ಉತ್ತರ ಐರ್ಲೆಂಡಿನ ಅರ್ಮಾ ನಗರದಲ್ಲಿ ಮೊದಲ ಸಭೆ. ಮುಟ್ಟುವುದು ಹನ್ನೆರಡೇ ವಿಷಯ. ಕೃಷಿ, ಆರೋಗ್ಯ, ಸಾರಿಗೆಯಂಥ ಆರನ್ನು ಇದ್ದ ಇಲಾಖೆಗಳೇ ನೋಡಿಕೊಂಡವು. ಜಲಮಾರ್ಗ, ಆಹಾರ ಸುರಕ್ಷತೆ, ಭಾಷೆ ಮುಂತಾದ ಆರಕ್ಕೆ ಹೊಸ ಜಂಟಿ ಸಂಸ್ಥೆಗಳಾದವು. ಉತ್ತರದ ಮಂತ್ರಿ ಸಭೆಗೆ ಒಬ್ಬರೇ ಹೋಗುವಂತಿಲ್ಲ, ಎದುರು ಬಣದ ಇನ್ನೊಬ್ಬ ಮಂತ್ರಿ ಜೊತೆಗಿರಬೇಕು. ‘ನಮ್ಮವರನ್ನು ಮಾರಿ ಬಂದ’ ಎಂಬ ಆಪಾದನೆಗೆ ಎಡೆಯೇ ಇರಬಾರದಲ್ಲ. ಎರಡೂ ಕಡೆ ಒಪ್ಪದೆ ಯಾವ ನಿರ್ಣಯವೂ ಇಲ್ಲ. ಅರ್ಮಾದ ಕಚೇರಿಯಲ್ಲಿ ಎರಡೂ ಸರ್ಕಾರಗಳ ನೌಕರರು ಒಟ್ಟಿಗೆ ಕೆಲಸ ಮಾಡುತ್ತಾರೆ. ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ: ಮಂತ್ರಿಗಳು ಮುನಿಸಿಕೊಂಡರೂ ಫೈಲು ನಿಲ್ಲದು.

ಫಾಯ್ಲ್ ಕೊಲ್ಲಿಯನ್ನು ನೋಡಿ. ಆ ನೀರಿನಲ್ಲಿ ಗಡಿ ಎಲ್ಲಿ ಹಾಯುತ್ತದೆಂದು ಎರಡು ದೇಶಗಳೂ ಇಂದಿಗೂ ಒಪ್ಪಿಲ್ಲ. ಆದರೂ 1952ರಿಂದಲೇ ಅಲ್ಲಿನ ಸಾಲ್ಮನ್ ಮೀನುಗಾರಿಕೆಗೆ ಒಂದೇ ಜಂಟಿ ಆಡಳಿತ, ಒಂದೇ ಪರವಾನಗಿ. ಸಿಂಪಿ ಸಾಕಣೆಯಲ್ಲಿ ಮಾತ್ರ ಕೈಕಟ್ಟಿತು. ಅದಕ್ಕೆ ಕೊಲ್ಲಿಯ ತಳದ ಮೇಲೆ ಚೌಕಟ್ಟು ಊರಬೇಕು, ಊರಲು ತಳ ಯಾರದೆಂದು ಗೊತ್ತಿರಬೇಕು. ಹಾಗಾಗಿ ಪರವಾನಗಿಯಿಲ್ಲದ ಚೌಕಟ್ಟುಗಳು ಸಾವಿರಗಟ್ಟಲೆ ಎದ್ದಿವೆ. ಒಡೆತನ ಕೇಳದ ಕೆಲಸ ಸಾಗುತ್ತದೆ, ಕೇಳುವ ಕೆಲಸ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ದೋಷ: ಬೆಲ್‌ಫಾಸ್ಟಿನಲ್ಲಿರುವ ಉತ್ತರ ಐರ್ಲೆಂಡಿನ ವಿಧಾನಸಭೆ ಬಿದ್ದರೆ ಪರಿಷತ್ತೂ ಸೇರುವಂತಿಲ್ಲ. 2002–07, 2017–20, 2022–24, ಮೂರು ಸಲ ವರ್ಷಗಟ್ಟಲೆ ಹೀಗಾಯಿತು.

ಪ್ರಶ್ನೆ: ಶಾಂತಿ ಮಾತುಕತೆಯಲ್ಲಿ ಸಾಮಾನ್ಯರಿಗೆ, ಹೆಂಗಸರಿಗೆ ಜಾಗ ಸಿಕ್ಕಿತೆ? (ವಾಸ್ಕೊ, ಗೋವಾ)

ಉತ್ತರ: ಸಿಕ್ಕಿತು, ಹಟ ಹಿಡಿದು ಪಡೆದರು. ಮಾತುಕತೆಗೆ ಬರುವವರನ್ನು ಆರಿಸಲು 1996ರ ಮೇ 30ರಂದು ಚುನಾವಣೆ ಇತ್ತು. 18 ಕ್ಷೇತ್ರಗಳಿಂದ ತಲಾ 5 ಮಂದಿ. ಅದರ ಮೇಲೆ, ಒಟ್ಟು ಮತದಲ್ಲಿ ಮೊದಲ ಹತ್ತು ಪಕ್ಷಗಳಿಗೆ ತಲಾ 2 ಸೀಟು. ಅಂದರೆ ಒಂದು ಕ್ಷೇತ್ರವನ್ನೂ ಗೆಲ್ಲಬೇಕಿಲ್ಲ, ಊರೂರಿನ ಚೂರುಪಾರು ಮತ ಕೂಡಿದರೆ ಸಾಕು. ಇದನ್ನು ಕಂಡುಕೊಂಡ ಹೆಂಗಸರು ಕೆಲವೇ ವಾರಗಳಲ್ಲಿ ಮಹಿಳಾ ಒಕ್ಕೂಟ ಕಟ್ಟಿ ನಿಂತರು. ಬಂದದ್ದು ನೂರಕ್ಕೆ ಒಂದು ಮತ. ಒಂಬತ್ತನೆಯ ಸ್ಥಾನ, ಎರಡು ಸೀಟು! ಕ್ಯಾಥೊಲಿಕ್ ಮೋನಿಕಾ ಮ್ಯಾಕ್‌ವಿಲಿಯಮ್ಸ್, ಪ್ರಾಟೆಸ್ಟೆಂಟ್ ಪರ್ಲ್ ಸಾಗರ್ ಜೊತೆಯಾಗಿ ಒಳಗೆ ಹೋದರು.

ಅವರು ಒತ್ತಾಯಿಸಿ 1998ರ ಒಪ್ಪಂದದಲ್ಲಿ ಬರೆಸಿದ್ದು ನಾಗರಿಕ ವೇದಿಕೆ. 60 ಸದಸ್ಯರು: ಸ್ವಯಂಸೇವಾ ಸಂಸ್ಥೆಗಳಿಗೆ 18, ಉದ್ಯಮಕ್ಕೆ 7, ಕಾರ್ಮಿಕ ಸಂಘಗಳಿಗೆ 7, ಹಿಂಸೆಗೆ ಈಡಾದವರ ಪರವಾಗಿ 2, ಹೀಗೆ. 2000ದ ಅಕ್ಟೋಬರಿನಲ್ಲಿ ಸೇರಿತು, 2002ರಲ್ಲಿ ವಿಧಾನಸಭೆಯ ಜೊತೆಗೇ ನಿಂತುಹೋಯಿತು, ಮತ್ತೆ ಕರೆಯಲಿಲ್ಲ. ಸಲಹೆಯ ಹೊರತು ಅದರ ಕೈಯಲ್ಲಿ ಬೇರೇನೂ ಇರಲಿಲ್ಲ, ಹಾಗಾಗಿ ಅದು ಬೇಕೆಂದು ಪಟ್ಟು ಹಿಡಿಯುವವರೂ ಇರಲಿಲ್ಲ. ಐರೋಪ್ಯ ಶಾಂತಿ ನಿಧಿ ಹಂಚಿದ 26 ಜಿಲ್ಲಾ ಸಮಿತಿಗಳ ಕಥೆಯೇ ಬೇರೆ. ಅಲ್ಲಿ ಹಣವಿತ್ತು, ಜನ ಬಂದರು.

ಪ್ರಶ್ನೆ: ಜತ್ತ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ನಾವು. ಗಡಿಯ ಎರಡೂ ಕಡೆಯ ಊರವರನ್ನು ಸೇರಿಸಿ ಸಮಿತಿ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಲಿ? (ಡೊಂಬಿವಲಿ, ಮುಂಬಯಿ)

ಉತ್ತರ: ಅಲ್ಲಿ ಸುಮಾರು 3,500 ಜೀವ ಹೋಗಿದ್ದವು, ನಮ್ಮ ಗಡಿ ತಂಟೆಯನ್ನು ಅದಕ್ಕೆ ಹೋಲಿಸಬೇಡಿ. ವಿಧಾನವನ್ನಷ್ಟೇ ಎರವಲು ತನ್ನಿ. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿ ತನ್ನ ಪಾಡಿಗೆ ನಡೆಯಲಿ, ‘ಈ ಊರು ಯಾರದು’ ಎಂಬ ಮಾತು ನಿಮ್ಮ ಸಭೆಗೆ ಬರಕೂಡದೆಂದು ಮೊದಲ ದಿನವೇ ಬರೆದುಕೊಳ್ಳಿ. ಗಲಾಟೆ ಎದ್ದಾಗ ಬಸ್ಸು ನಿಂತು ಮಕ್ಕಳು, ರೋಗಿಗಳು ಪರದಾಡುತ್ತಾರಲ್ಲ, ಅದನ್ನೊಂದನ್ನೇ ಎತ್ತಿಕೊಳ್ಳಿ.

ಸಮಿತಿಗೆ 12 ಮಂದಿ ಸಾಕು, ಆಚೆ ಆರು, ಈಚೆ ಆರು. ಒಂದೊಂದು ಕಡೆಯಲ್ಲೂ ಇಬ್ಬರು ಪಂಚಾಯ್ತಿ ಸದಸ್ಯರು, ಇಬ್ಬರು ಸ್ವಸಹಾಯ ಗುಂಪಿನ ಹೆಂಗಸರು, ಇನ್ನಿಬ್ಬರು ಮೇಷ್ಟರು, ವ್ಯಾಪಾರಿ, ಡಾಕ್ಟರು ಇಂಥವರು. ಮುಂಬಯಿಯ ನೀವು ಮತ ಹಾಕಬೇಡಿ, ಪತ್ರವ್ಯವಹಾರ ನೋಡಿಕೊಳ್ಳಿ. ಊರಲ್ಲಿ ದಿನವೂ ಬಾಳುವವರು ಅವರು.

ನಿರ್ಣಯಕ್ಕೆ 12ರಲ್ಲಿ ಏಳು ಸಾಲದು, ಆಚೆ ನಾಲ್ಕು, ಈಚೆ ನಾಲ್ಕು ಬೇಕೇ ಬೇಕು. ಆರು ಮಂದಿಯ ಜೊತೆ ಆಚೆಯ ಒಬ್ಬರನ್ನು ಸೆಳೆದು ಗೆದ್ದರೆ ಆ ಗೆಲುವೇ ಸಮಿತಿಯನ್ನು ಒಡೆಯುತ್ತದೆ. ಸಭೆ ಒಮ್ಮೆ ಆಚೆ, ಒಮ್ಮೆ ಈಚೆ. ನಡಾವಳಿ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ಏಳುವ ಮೊದಲೇ ಎರಡನ್ನೂ ಗಟ್ಟಿಯಾಗಿ ಓದಿ ಸಹಿ ಹಾಕಿಸಿ. ಮನೆಗೆ ಹೋಗಿ ಅನುವಾದಿಸಿದರೆ ‘ವಿನಂತಿ’ ಎಂದದ್ದು ‘ಬೇಡಿಕೆ’ ಆಗಿಬಿಡುತ್ತದೆ, ಮುಂದಿನ ಸಭೆ ಅದರಲ್ಲೇ ಮುಗಿಯುತ್ತದೆ. ಆಮೇಲೆ ಅದೇ ಒಕ್ಕಣೆಯನ್ನು ಎರಡೂ ಕಡೆಯ ಗ್ರಾಮಸಭೆಗಳಲ್ಲಿ ಠರಾವು ಮಾಡಿಸಿ, ಎರಡೂ ರಾಜ್ಯಗಳ ಸಾರಿಗೆ ವಿಭಾಗ ಕಚೇರಿಗಳಿಗೆ ಒಂದೇ ದಿನ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.