ಮೇಜಿನ ಅಂಚು, ದೀಪದ ಗಾತ್ರ

ಆತ್ಮೀಯರೇ,

ತ್ರೀಡಿ ಕಲಿಯಲು ಹೊರಟವರು ತಮ್ಮ ಮೊದಲ ದೃಶ್ಯಕ್ಕೆ ನೈಜತೆ ತರುವ ಬಗೆಯನ್ನು ಕುರಿತು ನೀವು ಬರೆದ ಲೇಖನವನ್ನೂ, ಅದರೊಂದಿಗೆ ಕಳುಹಿಸಿದ ಕೋಣೆಯ ಚಿತ್ರವನ್ನೂ ನೋಡಿದೆ. ಭಾಷೆ ತಿಳಿಯಾಗಿದೆ, ತ್ರೀಡಿ ಚಿತ್ರ ಮಾಡುವ ತಂತ್ರಾಂಶವಾದ ಬ್ಲೆಂಡರ್‌ನ ಮೆನುಗಳನ್ನು ಗೊಂದಲವಿಲ್ಲದೆ ಪರಿಚಯಿಸಿದ್ದೀರಿ. ಆದರೆ ನಿಮ್ಮ ಎರಡನೆಯ ಪ್ಯಾರಾ ನನ್ನನ್ನು ಸುಮ್ಮನಿರಲು ಬಿಡಲಿಲ್ಲವಾದ್ದರಿಂದ ಈ ಪತ್ರ ಬಹುಪಾಲು ಅದರ ಬಗ್ಗೆಯೇ ಇರುತ್ತದೆ.

ಅದರ ಮೊದಲ ವಾಕ್ಯ: ‘ಸ್ಯಾಂಪಲ್‌ಗಳನ್ನು 4096ಕ್ಕೆ ಏರಿಸಿದರೆ ದೃಶ್ಯ ನೈಜವಾಗುತ್ತದೆ.’ ಆಗುವುದಿಲ್ಲ. ಬ್ಲೆಂಡರ್‌ನಲ್ಲಿ ಬೆಳಕನ್ನು ಲೆಕ್ಕಹಾಕಿ ಚಿತ್ರ ತಯಾರಿಸುವ ಸೈಕಲ್ಸ್ ಪ್ರತಿ ಪಿಕ್ಸೆಲ್‌ಗೂ ಬೆಳಕಿನ ಹಾದಿಗಳನ್ನು ಯಾದೃಚ್ಛಿಕವಾಗಿ ಆರಿಸಿ ಅವುಗಳ ಸರಾಸರಿ ತೆಗೆಯುತ್ತದೆ; ಹಾಗೆ ಆರಿಸಿದ ಒಂದೊಂದು ಹಾದಿಯೂ ಒಂದು ಸ್ಯಾಂಪಲ್. ಹಾದಿಗಳು ಹೆಚ್ಚಿದಷ್ಟೂ ಚಿತ್ರದ ಮೇಲಿನ ಕಾಳುಕಾಳಾದ ನಾಯ್ಸ್ ಇಳಿಯುತ್ತದೆ, ಅಷ್ಟೇ. ಅದೂ ಅಗ್ಗವಾಗಿ ಅಲ್ಲ. 1024ರಿಂದ 4096ಕ್ಕೆ ಹೋದರೆ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ದೃಶ್ಯದಲ್ಲಿ ತಪ್ಪಿದ್ದರೆ ಅದೇ ತಪ್ಪು ಇನ್ನಷ್ಟು ಶುಭ್ರವಾಗಿ ಕಾಣುತ್ತದೆ.

ಅದರ ಮುಂದಿನ ವಾಕ್ಯ ಇನ್ನೂ ಕೆಟ್ಟದ್ದು: ‘ನೆರಳು ಸ್ಪಷ್ಟವಾಗಿ ಬೀಳಲು ಪಾಯಿಂಟ್ ಲೈಟ್‌ನ ರೇಡಿಯಸ್ ಅನ್ನು ಸೊನ್ನೆಗೆ ಇಳಿಸಿ.’ ಯಾಕೆ ಇಳಿಸಬೇಕು? ಆ ರೇಡಿಯಸ್ಸೇ ದೀಪದ ಗಾತ್ರ; ಗಾತ್ರವೇ ಇಲ್ಲದ ದೀಪವನ್ನು ಯಾರೂ ಕಂಡಿಲ್ಲ. ನಿಮ್ಮ ಚಿತ್ರದಲ್ಲಿ ಲೋಟದ ನೆರಳನ್ನು ನೋಡಿ: ತಳದಿಂದ ಬಾಯಿಯವರೆಗೂ ಕತ್ತರಿಯಿಂದ ಕತ್ತರಿಸಿದ ಕಪ್ಪು ಕಾಗದದಂತಿದೆ. ನಿಜವಾದ ಲೋಟದ ನೆರಳು ಅದು ಮೇಜನ್ನು ಮುಟ್ಟುವಲ್ಲಿ ಚೂಪಾಗಿದ್ದು, ದೂರ ಸರಿದಂತೆ ಅಂಚು ಮಸುಕಾಗುತ್ತ ಹೋಗುತ್ತದೆ. ಅಷ್ಟು ದೂರದಲ್ಲಿರುವ ಸೂರ್ಯನೂ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲವಾಗಿ ಕಾಣುವುದರಿಂದ, ಬಿಸಿಲಿಗೆ ಅಡ್ಡವಾದ ವಸ್ತುವಿನ ನೆರಳು ಒಂದು ಮೀಟರ್ ಆಚೆಯ ಗೋಡೆಯ ಮೇಲೆ ಬಿದ್ದಾಗ ಅದರ ಅಂಚು 9 ಮಿಲಿಮೀಟರಿನಷ್ಟು ಮಸುಕಾಗಿರುತ್ತದೆ. ನಿಮ್ಮ ಕೋಣೆಗೆ ಬೆಳಕು ಬರುವುದು ಕಿಟಕಿಯಿಂದ. ಹಾಗಿದ್ದಲ್ಲಿ ಹಲಗೆಯಂತೆ ಅಗಲವಾಗಿ ಬೆಳಗುವ, ಕಿಟಕಿಯಷ್ಟೇ ದೊಡ್ಡ ಏರಿಯಾ ಲೈಟ್ ಒಂದನ್ನು ಅಲ್ಲಿಯೇ ನಿಲ್ಲಿಸಿ. ಶಕ್ತಿ ಎಷ್ಟಿರಬೇಕೆಂಬುದನ್ನು ಆಮೇಲೆ ಯೋಚಿಸಿದರಾಯಿತು.

ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಹಿರಿಯರೊಬ್ಬರಿದ್ದರು. ಅವರು ಬಣ್ಣ ಹಚ್ಚಿದ ದೃಶ್ಯವನ್ನು ನೋಡಲು ಒಪ್ಪುತ್ತಲೇ ಇರಲಿಲ್ಲ. ಎಲ್ಲ ವಸ್ತುಗಳಿಗೂ ಒಂದೇ ಬೂದು ಮಟೀರಿಯಲ್ ಕೊಟ್ಟು, ಬೆಳಕು, ಆಕಾರಗಳಷ್ಟೇ ಕಾಣುವಂತೆ ತಯಾರಿಸಿದ ಚಿತ್ರವನ್ನು ಕ್ಲೇ ರೆಂಡರ್ ಎನ್ನುತ್ತೇವಲ್ಲ, ಅದನ್ನು ಮೊದಲು ತರಬೇಕಿತ್ತು. ಮರ, ಕಲ್ಲು, ಬಟ್ಟೆಗಳ ಟೆಕ್ಸ್ಚರ್‌ಗಳನ್ನು ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರಗಳನ್ನು ಕಷ್ಟಪಟ್ಟು ಜೋಡಿಸಿಕೊಂಡು ಹೋದವರಿಗೆ ಇದು ಅವಮಾನವೆನಿಸುತ್ತಿತ್ತು, ನನಗಂತೂ ಅನಿಸಿತ್ತು. ಒಮ್ಮೆ ಅವರು ಮಾತಾಡದೆ ಮರದ ಸ್ಕೇಲೊಂದನ್ನು ಕಿಟಕಿಯ ಬಳಿಯ ಮೇಜಿನ ಮೇಲೆ ನಿಲ್ಲಿಸಿ, ನಿಧಾನವಾಗಿ ಮೇಲಕ್ಕೆತ್ತಿ, ನೆರಳಿನ ಗೆರೆ ಕರಗುವುದನ್ನು ತೋರಿಸಿದರು. ಆಮೇಲೆ ಅದೇ ಸ್ಕೇಲನ್ನು ಓರೆಯಾಗಿ ಹಿಡಿದರು. ಅದರ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಬಿಳಿ ಹೊಳಪಿತ್ತು.

ಆ ಹೊಳಪೇ ನಿಮ್ಮ ಮೇಜಿನಲ್ಲಿ ಇಲ್ಲದಿರುವುದು. ‘ಕ್ಯೂಬ್ ಅನ್ನು ಸ್ಕೇಲ್ ಮಾಡಿದರೆ ಮೇಜು ಸಿದ್ಧ, ಉಳಿದುದನ್ನು ಮರದ ಟೆಕ್ಸ್ಚರ್ ನೋಡಿಕೊಳ್ಳುತ್ತದೆ’ ಎಂದಿದ್ದೀರಿ. ಟೆಕ್ಸ್ಚರ್ ಇದನ್ನು ನೋಡಿಕೊಳ್ಳುವುದಿಲ್ಲ. ಎರಡು ಮುಖಗಳು ಅಗಲವೇ ಇಲ್ಲದ ಗೆರೆಯಲ್ಲಿ ಕೂಡಿದರೆ ಬೆಳಕನ್ನು ನಮ್ಮ ಕಡೆಗೆ ತಿರುಗಿಸಲು ಅಲ್ಲಿ ಮೇಲ್ಮೈಯೇ ಇರುವುದಿಲ್ಲ. ಅಂಚನ್ನು ಕೊರೆದು ದುಂಡಾಗಿಸುವ ಬೆವೆಲ್ ಮಾಡಿಫೈಯರ್ ಹಾಕಿ, 1 ಅಥವಾ 2 ಮಿಲಿಮೀಟರ್ ಅಗಲ, ಮೂರು ಸೆಗ್ಮೆಂಟ್ (ಆ ಅಂಚನ್ನು ತುಂಬುವ ಪಟ್ಟಿಗಳು) ಕೊಡಿ. ಅದಕ್ಕೂ ಮೊದಲು ಕ್ಯೂಬಿನ ಸ್ಕೇಲ್ ಅನ್ನು, ಅಂದರೆ ಅದನ್ನು ಎಳೆದ ಪ್ರಮಾಣವನ್ನು, ಅಪ್ಲೈ ಮಾಡಿ ಖಾಯಂಗೊಳಿಸಲೇಬೇಕು. ಇಲ್ಲವಾದರೆ ಕ್ಯೂಬನ್ನು ಒಂದೊಂದು ದಿಕ್ಕಿಗೆ ಒಂದೊಂದು ಪ್ರಮಾಣದಲ್ಲಿ ಎಳೆದಿರುವ ಕಾರಣ ಬೆವೆಲ್ ಕೂಡ ಹಾಗೆಯೇ ಎಳೆದುಕೊಂಡು ವಿಕಾರವಾಗುತ್ತದೆ. ಮೇಜಿನ ಎತ್ತರ 75 ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಮಾತ್ರ ಈ ಮಿಲಿಮೀಟರ್ ಲೆಕ್ಕಕ್ಕೆ ಅರ್ಥವಿದೆ. ಬ್ಲೆಂಡರ್ ತಾನಾಗಿ ಕೊಡುವ ಕ್ಯೂಬ್ ಎರಡು ಮೀಟರಿನದು ಎಂಬುದನ್ನು ನಿಮ್ಮ ಓದುಗರಿಗೆ ಒಂದು ಸಾಲಿನಲ್ಲಾದರೂ ಹೇಳಿ.

ಕ್ಯಾಮೆರಾ, ಬಣ್ಣ, ಗಾಜು ಮುಂತಾದ ಭಾಗಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಎರಡನೆಯ ಪ್ಯಾರಾವನ್ನು ಮತ್ತು ಮೇಜಿನ ಭಾಗವನ್ನು ಹೊಸದಾಗಿ ಬರೆದು, ಅದೇ ಕೋಣೆಯ ಬೂದು ರೆಂಡರ್ ಒಂದನ್ನು ಜೊತೆಗಿಟ್ಟು ಕಳುಹಿಸಿ. 256 ಸ್ಯಾಂಪಲ್ ಸಾಕು. ಉಳಿದ ನಾಯ್ಸ್ ಅಳಿಸುವ ಡಿನಾಯ್ಸರ್ ಬಳಸಿದರೂ ನನ್ನ ತಕರಾರಿಲ್ಲ.

ವಿಶ್ವಾಸದಿಂದ,
ಸಂಪಾದಕ