ಸಿನಿಮಾದ ಆ ಮಾತನ್ನು ನಾನೇಕೆ ಹೇಳಲಿಲ್ಲ

ಮೂವತ್ತರ ಆಸುಪಾಸಿನ ಯುವಕ. ಮನೆ ಮಂಜೇಶ್ವರದ ಕಡೆ, ಕೆಲಸ ಮಂಗಳೂರಿನಲ್ಲಿ, ದಿನವೂ ರೈಲಿನಲ್ಲಿ ಹೋಗಿಬರುವವರು. ತಂದೆ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮದುವೆ ಮಾತೆತ್ತಿದರೆ ಎದ್ದು ಹೋಗುತ್ತಾನೆ ಎಂದು ಅಕ್ಕ ಆಪ್ತಸಲಹೆಗೆ (ಕೌನ್ಸೆಲಿಂಗ್‌ಗೆ) ನನ್ನ ಬಳಿ ಕರಕೊಂಡು ಬಂದಿದ್ದರು. ನಿದ್ದೆಗಾಗಿ ಮನೋವೈದ್ಯರಿಗೂ ತೋರಿಸಿದ್ದಾಗಿತ್ತು. ಆ ಯುವಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕಾರಣವಿದೆ. ಒಂದು ಕಡೆ ಆಪ್ತಸಲಹೆಗೆ ಬರುತ್ತಾ, ಇನ್ನೊಂದು ಕಡೆ ಮನೆಯಲ್ಲಿ ಆಪ್ತಸಲಹೆಯ ಸಿನಿಮಾಗಳನ್ನು ನೋಡುತ್ತಾ, ಎರಡನ್ನೂ ಅಕ್ಕಪಕ್ಕ ಇಟ್ಟು ತೂಗುವವರು ನನ್ನ ಬಳಿ ಹೆಚ್ಚುತ್ತಿದ್ದಾರೆ.

ಕಾಸರಗೋಡಿನಲ್ಲಿ ಇದು ತೀರಾ ಹೊಸತೇನಲ್ಲ. 1993ರ ಮಲಯಾಳದ ‘ಮಣಿಚಿತ್ರತ್ತಾಳ್’, 2004ರ ಕನ್ನಡದ ‘ಆಪ್ತಮಿತ್ರ’ ಎರಡನ್ನೂ ನೋಡಿದ ಮನೆಗಳು ನಮ್ಮಲ್ಲಿ ಬೇಕಷ್ಟಿವೆ. ಅಲ್ಲಿ ಮನೋವೈದ್ಯರು ಮಂತ್ರವಾದದ ನಾಟಕ ಹೂಡಿ ರೋಗ ಬಿಡಿಸುತ್ತಾರೆ. “ಒಂದೇ ಸಲಕ್ಕೆ ಸರಿಯಾಗ್ತದಲ್ಲಾ?” ಎಂದು ಕೇಳಿಕೊಂಡೇ ಒಳಗೆ ಬಂದವರನ್ನು ಕಂಡಿದ್ದೇನೆ. ಚಿಕಿತ್ಸಕ ಕಡಲ ಬದಿಯಲ್ಲಿ ನಡೆಯುತ್ತಾ ಮಾತಾಡುವ 2016ರ ‘ಡಿಯರ್ ಜಿಂದಗಿ’ ನೋಡಿದ ಹುಡುಗಿಯೊಬ್ಬಳು, “ಬೇಕಲದ ಕಡಲ ಬದಿಯಲ್ಲಿ ನಡೀತಾ ಮಾತಾಡುವನಾ ಟೀಚರ್?” ಎಂದಳು. ನಾನು ಹಿಂದೆ ಶಾಲೆಯಲ್ಲಿದ್ದವಳು, ಹಾಗಾಗಿ ಇಂದಿಗೂ ಎಲ್ಲರಿಗೂ ಟೀಚರೇ. ಕಡಲ ಬದಿಗೆ ಹೋಗಬಾರದೆಂದಲ್ಲ. ಆದರೆ ಅಲ್ಲಿ ಅವಳ ಚಿಕ್ಕಪ್ಪನೋ ನೆರೆಮನೆಯವರೋ ಎದುರಾದರೆ ಅವಳು ಅರ್ಧಕ್ಕೇ ಮಾತು ನುಂಗುತ್ತಾಳೆ. ಬಾಗಿಲು ಹಾಕಿದ ಕೋಣೆ ಬೇಕಾಗುವುದು ಅದಕ್ಕೇ.

ಈ ಯುವಕ ಹಿಡಿದುಕೊಂಡದ್ದು 1997ರ ‘ಗುಡ್ ವಿಲ್ ಹಂಟಿಂಗ್’. ರಾಬಿನ್ ವಿಲಿಯಮ್ಸ್ ಅವರಿಗೆ ಆಸ್ಕರ್ ತಂದ ಪಾತ್ರ. ಆ ಚಿಕಿತ್ಸಕ ಹುಡುಗನ ಮುಂದೆ ನಿಂತು “ಇದು ನಿನ್ನ ತಪ್ಪಲ್ಲ” ಎಂದು ಮತ್ತೆ ಮತ್ತೆ ಹೇಳುತ್ತಾನೆ. ಕೊನೆಗೆ ಹುಡುಗ ಅವನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾನೆ. ನಮ್ಮ ಭೇಟಿ ಗುರುವಾರ. ಬುಧವಾರ ರಾತ್ರಿ ಇವರು ಆ ದೃಶ್ಯ ಹಾಕಿಕೊಂಡು ನೋಡುತ್ತಿದ್ದರು. ಅದು ನನಗೆ ಗೊತ್ತಾದದ್ದು ಎಂಟನೆಯ ವಾರ.

ಅಂದು ಬಂದು ಕುಳಿತವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಟೀಚರ್, ನೀವು ಅದನ್ನು ನನಗೆ ಯಾವಾಗ ಹೇಳ್ತೀರಿ?”

“ಎಂತದನ್ನು?”

“ನನ್ನ ತಪ್ಪಲ್ಲ ಅಂತ. ಎಂಟು ವಾರದಿಂದ ಕಾಯ್ತಾ ಇದ್ದೇನೆ. ನನಗೆ ಅಳುವೂ ಬರುವುದಿಲ್ಲ. ನಾನೇ ಸರಿ ಇಲ್ಲವೋ ಏನೋ.”

ಆ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. “ಯಾವುದು ನಿಮ್ಮ ತಪ್ಪಲ್ಲ?” ಎಂದು ಕೇಳಿದೆ. ತಂದೆಯ ಸಾವು, ಅಪರಾಧಿ ಪ್ರಜ್ಞೆ, ಬಾಲ್ಯದ ಗಾಯ ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳತೊಡಗಿದರು. ಬಾಲ್ಯದಲ್ಲಿ ಅಂಥ ಗಾಯವೇನೂ ಆದದ್ದಿಲ್ಲವೆಂದು ಮೊದಲ ವಾರ ಅವರೇ ಹೇಳಿದ್ದರು. ನಾನು ನಡುವೆ ಬಾಯಿ ಹಾಕಿದೆ. “ಮನೆಯಲ್ಲಿ ಎಂತ ಮಾತಾಡುವುದು?”

“ತುಳು.”

“ಹಾಗಾದರೆ ತುಳುವಿನಲ್ಲೇ ಹೇಳಿ.”

ಬಾಯಿ ತೆರೆದರು, ಮುಚ್ಚಿದರು. ಚೀಲದಿಂದ ಗಾಜು ಒಡೆದ ಹಳೆಯ ಫೋನೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಅಮ್ಮೆರ್ ಫೋನ್ ಮಲ್ತೆರ್. ಯಾನ್ ದೆತ್ತಿಜಿ.”

ಅಮ್ಮೆರ್ ಎಂದರೆ ತುಳುವಿನಲ್ಲಿ ತಂದೆ. ಅಪ್ಪ ಫೋನ್ ಮಾಡಿದರು, ನಾನು ಎತ್ತಲಿಲ್ಲ. ಇಷ್ಟೇ. ಅದೇ ಸಂಜೆ ತಂದೆ ಅಡಿಕೆ ಹರಡಿದ ಅಂಗಳದಲ್ಲಿ ಕುಸಿದು ತೀರಿಕೊಂಡಿದ್ದರು. ಎತ್ತದೆ ಉಳಿದ ಆ ಕರೆ ಅಳಿಸಿಹೋಗಬಾರದೆಂದು ಬಳಸದ ಫೋನನ್ನು ಒಂದೂವರೆ ವರ್ಷ ಚಾರ್ಜ್ ಮಾಡಿಕೊಂಡು ಬಂದಿದ್ದರು. ಅಕ್ಕನಿಗೂ ಗೊತ್ತಿರಲಿಲ್ಲ.

“ಆ ಹೊತ್ತಿಗೆ ಅಮ್ಮೆರ್ ಸಾಮಾನ್ಯವಾಗಿ ಯಾಕೆ ಫೋನ್ ಮಾಡ್ತಿದ್ರು?”

“ಯಾವ ರೈಲಿಗೆ ಬರ್ತೀ ಅಂತ. ಬರುವಾಗ ಹೊಗೆಸೊಪ್ಪು ತಾ ಅಂತ.” ಸ್ವಲ್ಪ ತಡೆದು, “ನಾನು ಯಾವಾಗಲೂ ಮರೀತಿದ್ದೆ” ಎಂದರು. ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಅಳು ಬರಲಿಲ್ಲ. ಆ ವಾರ ರಾತ್ರಿ ನಿದ್ದೆ ಬಂತೆಂದು ಆಮೇಲೆ ಹೇಳಿದರು.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ಒಂದು ಮಾತು ಹೇಳಿಬಿಟ್ಟಿದ್ದರೆ ಹುಡುಗನಿಗೆ ಸಮಾಧಾನವಾಗುತ್ತಿತ್ತು, ಅಷ್ಟು ಬಿಗಿ ಯಾಕೆ ಎಂದು. ಬಿಗಿಯಲ್ಲ. ಆ ಸಿನಿಮಾದಲ್ಲಿ ಹುಡುಗ ಚಿಕ್ಕವನಿದ್ದಾಗ ಪೆಟ್ಟು ತಿಂದವನು. ಗಾಯಗಳ ಫೋಟೋ ಇರುವ ಫೈಲು ಚಿಕಿತ್ಸಕನ ಕೈಯಲ್ಲೇ ಇರುತ್ತದೆ. ಅವನೂ ಕುಡುಕ ತಂದೆಯಿಂದ ಪೆಟ್ಟು ತಿಂದು ಬೆಳೆದವನು. ಆ ಮಾತಿಗೆ ಅಲ್ಲಿ ಅಷ್ಟು ಬೇರಿದೆ. ನನ್ನ ಕೈಯಲ್ಲಿ ಏನಿತ್ತು? ಎಂಟು ವಾರ ಅವರು ಆ ಕರೆಯ ವಿಷಯವನ್ನೇ ಎತ್ತಿರಲಿಲ್ಲ. ಏನೆಂದು ತಿಳಿಯದ ತಪ್ಪನ್ನು ತಪ್ಪಲ್ಲ ಎಂದುಬಿಟ್ಟರೆ, “ಇವರಿಗೆ ಸಂಗತಿ ಗೊತ್ತಿಲ್ಲ, ಗೊತ್ತಿದ್ದರೆ ಹೀಗೆ ಹೇಳುತ್ತಿರಲಿಲ್ಲ” ಎಂದು ಅವರ ಮನಸ್ಸು ಅಂದುಕೊಳ್ಳುತ್ತಿತ್ತು. ಫೋನು ಚೀಲದೊಳಗೇ ಉಳಿಯುತ್ತಿತ್ತು. ನಾನು ಇಂದಿಗೂ ಹಾಗೆಯೇ ನಂಬಿದ್ದೇನೆ.

ಸಿನಿಮಾ ಬಿಡಿ ಎಂದು ನಾನು ಅವರಿಗೆ ಹೇಳಲಿಲ್ಲ. ಯಾರಿಗೂ ಹೇಳುವುದಿಲ್ಲ. ಆಪ್ತಸಲಹೆಗೆ ಹೋಗುವುದು ಹುಚ್ಚರು ಮಾತ್ರ ಎಂಬ ಮಾತು ನಮ್ಮೂರಲ್ಲಿ ಇನ್ನೂ ಇರುವಾಗ, ಎಷ್ಟೋ ಮಂದಿಗೆ ಹೊಸ್ತಿಲು ದಾಟಲು ಧೈರ್ಯ ಕೊಟ್ಟದ್ದು ಇಂಥ ಸಿನಿಮಾಗಳೇ. ನಾನು ಹೇಳಿದ್ದು ಬೇರೆ. ಭೇಟಿಯ ಹಿಂದಿನ ರಾತ್ರಿ ನೋಡಬೇಡಿ, ಮಾರನೆ ದಿನ ಅದೇ ಮಾತು ಬಾಯಿಗೆ ಬರುತ್ತದೆ. ನೋಡುವಾಗ ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ, ಆಗ ಮನೆಯ ಯಾವ ಸಂಗತಿ ನೆನಪಾಯಿತೋ ಅದನ್ನು ಮನೆಮಾತಿನಲ್ಲೇ ಗೀಚಿ ತನ್ನಿ. ಆ ಚಿಕಿತ್ಸಕನಷ್ಟು ನಾನು ಒಳ್ಳೆಯವಳಲ್ಲ ಅನ್ನಿಸಿದರೆ ನನ್ನ ಎದುರಿಗೇ ಹೇಳಿ, ನನಗೆ ಬೇಸರವಿಲ್ಲ. ನೋಡಿದ ಮೇಲೆ ಬದುಕೇ ಬೇಡವೆನ್ನಿಸಿದರೆ ಮುಂದಿನ ಗುರುವಾರಕ್ಕೆ ಕಾಯಬೇಡಿ. ನನಗೆ ಕರೆ ಮಾಡಿ, ಇಲ್ಲವೇ ಹಗಲೂ ರಾತ್ರಿಯೂ ಉಚಿತವಾಗಿ ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿ.

ಹದಿನೈದು ದಿನ ಕಳೆದು ಬಂದಾಗ, “ಆ ಸೀನ್ ಇನ್ನೊಮ್ಮೆ ನೋಡಿದೆ ಟೀಚರ್” ಎಂದರು. ಈ ಸಲ ಅವರ ಕಣ್ಣು ಹೋದದ್ದು ತಬ್ಬಿಕೊಂಡವರ ಮೇಲಲ್ಲ, ಆ ಫೈಲಿನ ಮೇಲಂತೆ.

“ಅವನದರಲ್ಲಿ ಎಲ್ಲ ಬರೆದಿದೆ. ಅಮ್ಮೆರ್ ಅವತ್ತು ಯಾಕೆ ಫೋನ್ ಮಾಡಿದ್ರು ಅಂತ ನನ್ನದರಲ್ಲಿ ಎಲ್ಲಿಯೂ ಬರೆದಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ, ಅಲ್ವಾ?”

“ಇಲ್ಲ” ಎಂದೆ. ಅಂದಿನ ಮಾತು ಅಲ್ಲಿಂದ ಶುರುವಾಯಿತು.